ನಳಿಗೆಯ ಬಾಯಿಂದ ಮದ್ದು ತುಂಬುವ ಹೊಸ ರೈಫಲ್‌ಗಳು: ಲೋಡ್ ಪರೀಕ್ಷೆ ಮತ್ತು ಗುರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ನಾನು ಅದನ್ನು ಮುಟ್ಟಿದ್ದಕ್ಕಿಂತ ಮುಟ್ಟಿ ಬೈಸಿಕೊಂಡಿದ್ದೇ ಜಾಸ್ತಿ. ಓಹಾಯೋಗೆ ಬಂದು ನೆಲೆಸಿದ ಮೇಲೆ ಆ ಹಳೇ ಆಸೆ ಮತ್ತೆ ಚಿಗುರಿತು. ಇಲ್ಲಿ ಬಾಯಿಂದ ಮದ್ದು ತುಂಬುವ ರೈಫಲ್‌ಗೇ ಅಂತ ಜನವರಿ ಶುರುವಿನಲ್ಲಿ ಬೇರೆ ಜಿಂಕೆ ಸೀಸನ್ ಇದೆ. ನನ್ನ ಹಿಂದೆ ಇದಕ್ಕೆ ಬಿದ್ದ ಕನ್ನಡದ ಗೆಳೆಯರು ಫೋನಿನಲ್ಲಿ ಕೇಳಿದ್ದನ್ನೇ ಕೇಳುತ್ತಾರೆ. ನಾನು ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೇ ಬರೆದಿಟ್ಟೆ.

ಒಂದು ಮಾತು ಮೊದಲೇ. ನಮ್ಮಲ್ಲಿ ಗಜ ಅಂದರೆ ಮೂರು ಅಡಿಯ ಅಳತೆಯೂ ಹೌದು, ನಳಿಗೆಯೊಳಗೆ ಮದ್ದು ಜಡಿಯುವ ಸಲಾಕೆಯೂ ಹೌದು. ಗೊಂದಲ ಬೇಡ ಅಂತ ಇಲ್ಲಿ ಸಲಾಕೆಯನ್ನು ಗಜಕೋಲು ಅಂತ ಕರೆದಿದ್ದೇನೆ. ಲೋಡ್ ಅಂದರೆ ಒಂದು ಈಡಿಗೆ ತುಂಬುವ ಮದ್ದು, ಗುಂಡು ಎಲ್ಲ ಸೇರಿ.

ಇದು ಅಜ್ಜನ ಕೇಪಿನ ಕೋವಿಯೇ ತಾನೆ? ಹೊಸದೇನಿದೆ?

ತುಂಬುವ ಕ್ರಮ ಅದೇ. ಬಾಯಿಂದ ಮದ್ದು, ಅದರ ಮೇಲೆ ಗುಂಡು, ಗಜಕೋಲಿನಿಂದ ಕೆಳಗೆ ತಳ್ಳುವುದು. ಉಳಿದದ್ದೆಲ್ಲ ಬದಲಾಗಿದೆ. ಅಜ್ಜನ ಕೋವಿಯಲ್ಲಿ ಕೇಪು (ಕಿಡಿ ಹಾರಿಸುವ ಪುಟ್ಟ ಟೊಪ್ಪಿ) ಪಕ್ಕದಲ್ಲಿ ಕೂರುತ್ತಿತ್ತು. ಕಿಡಿ ಒಂದು ತಿರುವು ತಿರುಗಿ ಮದ್ದಿಗೆ ತಲುಪಬೇಕಿತ್ತು. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಬಾತ ಎಂಕೆ-85 ಎಂಬ ರೈಫಲ್ ತಂದ. ಅದರಲ್ಲಿ ಕೇಪು ನಳಿಗೆಯ ಹಿಂದೆ, ನೇರ ಸಾಲಿನಲ್ಲಿ. ಅದಕ್ಕೇ ಇವನ್ನು ಇನ್‌ಲೈನ್ ಅನ್ನುತ್ತಾರೆ. ನಳಿಗೆಯ ಹಿಂಬದಿ ಮುಚ್ಚುವ ತಿರುಪು, ಅಂದರೆ ಬ್ರೀಚ್ ಪ್ಲಗ್ ಬಿಚ್ಚಿದರೆ ನಳಿಗೆ ಆರಪಾರ ಕಾಣುತ್ತದೆ, ತೊಳೆಯುವುದು ಸುಲಭ.

ಆಮೇಲೆ ಕೇಪಿನ ಜಾಗಕ್ಕೆ ಶಾಟ್‌ಗನ್ ತೋಟಾದ 209 ಪ್ರೈಮರ್ ಬಂತು. ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಅಂಗಿ, ಸೇಬೋ ಬಂತು. ಈಗಿನ .50 ಕ್ಯಾಲಿಬರ್ (ಅರ್ಧ ಇಂಚು ಒಳಗಾತ್ರದ) ರೈಫಲ್ ನೂರು ಗಜದಲ್ಲಿ ಎರಡು ಇಂಚಿನೊಳಗೆ ಈಡು ಕೂರಿಸುತ್ತದೆ. ಆದರೆ ಅಂಗಡಿಯಿಂದ ತಂದ ದಿನವೇ ಅಲ್ಲ. ತೋಟಾದ ರೈಫಲ್‌ನಲ್ಲಿ ಕಾರ್ಖಾನೆಯವರೇ ಮದ್ದು ಅಳೆದು ಕೊಟ್ಟಿರುತ್ತಾರೆ. ಇಲ್ಲಿ ಕಾರ್ಖಾನೆ ನೀವೇ. ಪ್ರತಿ ಈಡೂ ನಿಮ್ಮ ಕೈಯಲ್ಲೇ ತಯಾರಾಗುತ್ತದೆ. ನಾನು ನೋಡಿದ ಮಟ್ಟಿಗೆ, ಕೆಟ್ಟ ಲೋಡಿಗಿಂತ ಒಂದೊಂದು ಸಲ ಒಂದೊಂದು ಥರ ತುಂಬುವ ಕೈಯೇ ಜಾಸ್ತಿ ಗುರಿ ಕೆಡಿಸುತ್ತದೆ.

ಪರೀಕ್ಷೆ ಶುರು ಮಾಡುವ ಮೊದಲು ಏನು ನೋಡಬೇಕು?

ಸ್ಕ್ರೂ. ಸ್ಕೋಪ್ ಬೇಸಿನ ಸ್ಕ್ರೂ, ರಿಂಗಿನ ಸ್ಕ್ರೂ, ನಳಿಗೆಯನ್ನು ಮರಕ್ಕೆ ಹಿಡಿದಿರುವ ಸ್ಕ್ರೂ.

ಮೊದಲ ವರ್ಷದ ಕಥೆ ಹೇಳುತ್ತೇನೆ. ಎರಡು ವಾರಾಂತ್ಯ ಪೂರ್ತಿ ಸೇಬೋ ಬದಲಿಸಿದೆ, ಮದ್ದು ಬದಲಿಸಿದೆ, ಗುಂಡಿನ ತೂಕ ಬದಲಿಸಿದೆ. ಈಡುಗಳು ಮಾತ್ರ ಮೇಲಿಂದ ಕೆಳಕ್ಕೆ ಆರು ಇಂಚು ಹರಡುತ್ತಿದ್ದವು. ಮೂರನೇ ಶನಿವಾರ ಗುರಿ ಅಭ್ಯಾಸದ ರೇಂಜಿನಲ್ಲಿ ಪಕ್ಕದ ಬೆಂಚಿನ ಅಜ್ಜ ಒಬ್ಬರು ಸುಮ್ನೆ ಬಂದು ನನ್ನ ಸ್ಕೋಪನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಅದು ಕಟಕ್ ಅಂತು. ಹಿಂದಿನ ಬೇಸಿನ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲ. ಅಷ್ಟೇ. ಅಂಗಡಿಯಲ್ಲೇ ಕೂರಿಸಿಕೊಟ್ಟ ಸ್ಕೋಪ್ ಅಂತ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಆ ಎರಡು ವಾರ ಬರೆದ ಪುಟಗಳನ್ನೆಲ್ಲ ಹರಿದು ಹಾಕಿದೆ.

ಇನ್ನೊಂದು, ಗಜಕೋಲಿಗೆ ಗುರುತು. ಖಾಲಿ ನಳಿಗೆಗೆ ಕೋಲು ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಲೋಡ್ ತುಂಬಿ ಗಟ್ಟಿಯಾಗಿ ಕೂರಿಸಿದ ಮೇಲೆ ಇನ್ನೊಂದು ಗೆರೆ. ಈ ಎರಡನೇ ಗೆರೆ ಬಾಯಿಯ ಮಟ್ಟಕ್ಕೆ ಬರದೆ ಮೇಲೇ ನಿಂತರೆ ಗುಂಡು ಪೂರ್ತಿ ಇಳಿದಿಲ್ಲ, ಇಲ್ಲಾ ಎರಡು ಸಲ ಮದ್ದು ಹಾಕಿದ್ದೀರಿ. ಕೆಳಗೆ ಹೋದರೆ ಮದ್ದು ಕಡಿಮೆ, ಇಲ್ಲಾ ಮದ್ದೇ ಮರೆತಿದ್ದೀರಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಹಾಗಾಗಿ ಈ ಗೆರೆಯನ್ನು ಗುರಿಗಿಂತ ಮೊದಲು ಜೀವಕ್ಕಾಗಿ ಹಾಕಿಕೊಳ್ಳಿ.

ಅಜ್ಜ ಗಜಕೋಲನ್ನು ಮೇಲಿಂದ ಬಿಟ್ಟು, ಅದು ಟಣ್ ಅಂತ ಪುಟಿದರೆ ಮದ್ದು ಸರಿಯಾಗಿ ಕೂತಿದೆ ಅನ್ನುತ್ತಿದ್ದರು. ಸೇಬೋ ಗುಂಡಿಗೆ ಹಾಗೆ ಮಾಡಬೇಡಿ, ಗುಂಡಿನ ತುದಿ ಜಜ್ಜಿಹೋಗುತ್ತದೆ. ಒಂದೇ ಸಮನೆ ಒತ್ತಿ, ಗೆರೆ ನೋಡಿ, ನಿಲ್ಲಿಸಿ.

ಯಾವ ಮದ್ದು ಒಳ್ಳೆಯದು?

ಇದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಒಂದೊಂದರ ಸ್ವಭಾವ ಗೊತ್ತಿದ್ದರೆ ಆಯ್ಕೆ ಸುಲಭ.

ಅಸಲಿ ಕರಿಮದ್ದು ಬೇಗ ಹೊತ್ತಿಕೊಳ್ಳುತ್ತದೆ, ಗಲೀಜು ಜಾಸ್ತಿ, ಅಂಗಡಿಗಳಲ್ಲಿ ಸಿಗುವುದು ಕಷ್ಟ. 1970ರ ದಶಕದಲ್ಲಿ ಅದಕ್ಕೆ ಬದಲಿಯಾಗಿ ಪೈರೋಡೆಕ್ಸ್ ಬಂತು. ಸಾಗಿಸಲು, ಇಟ್ಟುಕೊಳ್ಳಲು ಸುಲಭ. ಆದರೆ ಉಳಿಯುವ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಟ್ರಿಪಲ್ ಸೆವೆನ್‌ಗೆ ಗಂಧಕದ ನಾತ ಇಲ್ಲ, ಬರೀ ನೀರಿನಲ್ಲೇ ತೊಳೆದುಹೋಗುತ್ತದೆ. ಅಳತೆಗೆ ಅಳತೆ ನೋಡಿದರೆ ಕರಿಮದ್ದಿಗಿಂತ ಜೋರು. ಅದಕ್ಕೇ ಕರಿಮದ್ದಿನ ಲೋಡನ್ನು ಇದಕ್ಕೆ ಬದಲಿಸುವಾಗ ಶೇಕಡ 15ರಷ್ಟು ಕಡಿಮೆ ಹಾಕಬೇಕು ಅಂತ ತಯಾರಕರೇ ಹೇಳುತ್ತಾರೆ.

ಬ್ಲ್ಯಾಕ್‌ಹಾರ್ನ್ 209 ಎಂಬ ಮದ್ದು ನನಗೆ ಇಷ್ಟದ್ದು. ಬೆಲೆ ಕೇಳಿದರೆ ಮಾತ್ರ ಎದೆ ಝಲ್ ಅನ್ನುತ್ತದೆ. ಇದರ ಮಸಿ ಕಡಿಮೆ, ಹಾಗಾಗಿ ಒರೆಸದೆಯೇ ಹಲವು ಈಡು ಹೊಡೆಯಬಹುದು. ಆದರೆ ಹೊತ್ತಿಕೊಳ್ಳಲು ಹಠ ಮಾಡುತ್ತದೆ. 209 ಪ್ರೈಮರ್ ಬೇಕೇ ಬೇಕು, ಅದರಲ್ಲೂ ಬಿಸಿ ಜಾಸ್ತಿ ಇರುವ ಸಿಸಿಐ 209ಎಂ ಅಥವಾ ಫೆಡರಲ್ 209ಎ ಥರದ್ದು. ಕೆಲವು ಬ್ರೀಚ್ ಪ್ಲಗ್‌ಗಳಿಗೆ ಇದು ಆಗಿಬರುವುದಿಲ್ಲ. ನಿಮ್ಮ ರೈಫಲ್‌ನ ಕೈಪಿಡಿ ಏನು ಹೇಳುತ್ತದೆ ನೋಡಿಕೊಂಡು ದುಡ್ಡು ಬಿಚ್ಚಿ.

ಮದ್ದನ್ನು ತಕ್ಕಡಿಯಲ್ಲಿ ತೂಗಬೇಕಾ, ಅಳತೆ ಪಾತ್ರೆಯಲ್ಲಿ ಅಳೆಯಬೇಕಾ?

ಇಲ್ಲಿ ಎಡವಿದರೆ ಅಪಾಯ, ಸ್ವಲ್ಪ ನಿಧಾನವಾಗಿ ಓದಿ.

ಗ್ರೇನ್ ಅನ್ನುವುದು ತೂಕ. ಒಂದು ಪೌಂಡಿಗೆ 7000 ಗ್ರೇನ್. ಆದರೆ ಬಾಯಿಂದ ತುಂಬುವ ಲೋಕದಲ್ಲಿ "100 ಗ್ರೇನ್ ಮದ್ದು" ಅಂದರೆ 100 ಗ್ರೇನ್ ಕರಿಮದ್ದು ಹಿಡಿಸುವಷ್ಟು ಜಾಗ ಅಂತ ಅರ್ಥ. ಅಡುಗೆಮನೆಯ ಪಾವು ಸೇರಿನ ಲೆಕ್ಕ. ಒಂದು ಪಾವು ಅಕ್ಕಿಯೂ ಒಂದು ಪಾವು ಅವಲಕ್ಕಿಯೂ ಒಂದೇ ತೂಕ ಇರುತ್ತದಾ? ಬದಲಿ ಮದ್ದುಗಳೆಲ್ಲ ಅವಲಕ್ಕಿಯ ಥರ, ಹಗುರ.

ಬ್ಲ್ಯಾಕ್‌ಹಾರ್ನ್ ಅಂತೂ ಪಾತ್ರೆಯಲ್ಲಿ 100 ಅಳೆದರೆ ತಕ್ಕಡಿಯಲ್ಲಿ ಸುಮಾರು 70 ಗ್ರೇನ್ ತೂಗುತ್ತದೆ. ಇದರ ಗರಿಷ್ಠ ಲೋಡ್ ಪಾತ್ರೆಯ ಲೆಕ್ಕದಲ್ಲಿ 120, ಅಂದರೆ ತೂಕದಲ್ಲಿ 84. ಯಾರಾದರೂ ತಿಳಿಯದೆ ತಕ್ಕಡಿಯಲ್ಲಿ 100 ಗ್ರೇನ್ ತೂಗಿ ಹಾಕಿದರೆ ಅದು ಪಾತ್ರೆಯ ಲೆಕ್ಕದಲ್ಲಿ 140 ದಾಟಿತು. ಎಲ್ಲಿಗೆ ಹೋಯಿತು ನೋಡಿ ಲೆಕ್ಕ.

ನಾನು ಮನೆಯಲ್ಲೇ ಪಾತ್ರೆಯಿಂದ ಹತ್ತು ಸಲ ಅಳೆದು, ಹತ್ತನ್ನೂ ತೂಗಿ, ಸರಾಸರಿ ತೆಗೆದೆ. ಆಮೇಲೆ ಆ ತೂಕಕ್ಕೆ ಸರಿಯಾಗಿ ತೂಗಿ ಸಣ್ಣ ಪ್ಲಾಸ್ಟಿಕ್ ಟ್ಯೂಬ್‌ಗಳಲ್ಲಿ ತುಂಬಿ, ಮೇಲೆ ಚೀಟಿ ಅಂಟಿಸಿ ರೇಂಜಿಗೆ ಒಯ್ಯುತ್ತೇನೆ. ಗಾಳಿ ಬೀಸುವ ಬೆಂಚಿನ ಮೇಲೆ ತಕ್ಕಡಿ ಇಡುವ ರಗಳೆ ಇಲ್ಲ. ಪಾತ್ರೆಯಲ್ಲೇ ಅಳೆಯುವವರು ಪ್ರತಿ ಸಲ ಒಂದೇ ಥರ ಸುರಿಯಿರಿ, ಅಷ್ಟೇ ಸಲ ತಟ್ಟಿ. ಡಬ್ಬದಿಂದ ನೇರ ನಳಿಗೆಗೆ ಮಾತ್ರ ಯಾವತ್ತೂ ಸುರಿಯಬೇಡಿ. ಒಳಗೆ ಒಂದು ಕೆಂಡದ ಚೂರು ಉಳಿದಿದ್ದರೆ ಇಡೀ ಡಬ್ಬ ಕೈಯಲ್ಲೇ ಹೋಗುತ್ತದೆ.

ತೋಟಾಗಳಲ್ಲಿ ಬಳಸುವ ಹೊಗೆಯಿಲ್ಲದ ಮದ್ದು ಹಾಕಿದರೆ?

ಬೇಡ. ಒಂದು ಚಿಟಿಕೆಯೂ ಬೇಡ, ಬೆರೆಸಿಯೂ ಬೇಡ. ಸ್ಯಾವೇಜ್ 10ಎಂಎಲ್ ಥರ ಅದಕ್ಕೆಂದೇ ಕಟ್ಟಿದ ಕೆಲವು ರೈಫಲ್ ಬಿಟ್ಟರೆ ಬೇರೆಲ್ಲ ನಳಿಗೆಗಳೂ ಒಡೆಯುತ್ತವೆ, ಬೆರಳು ಹೋಗುತ್ತದೆ, ಕಣ್ಣು ಹೋಗುತ್ತದೆ.

ಮಾತ್ರೆ ಥರ ಬರುವ ಪೆಲೆಟ್ ಸುಲಭ ಅಲ್ವಾ?

ಸುಲಭವೇ. 50 ಗ್ರೇನಿನ ಎರಡು ಪೆಲೆಟ್ ಹಾಕಿ, ಗುಂಡು ತಳ್ಳಿದರೆ ಮುಗಿಯಿತು. ಚಳಿಯಲ್ಲಿ ಕೈ ಮರಗಟ್ಟಿದಾಗ ವರ. ಆದರೆ 90ಕ್ಕೆ ಇಳಿಸಬೇಕು, 105ಕ್ಕೆ ಏರಿಸಬೇಕು ಅಂದರೆ ಆಗುವುದಿಲ್ಲ. ಲೋಡ್ ಪರೀಕ್ಷೆ ಅಂದರೆ ಅದೇ ತಾನೆ? ಇನ್ನೊಂದು ವಿಷಯ: ಪೈರೋಡೆಕ್ಸ್ ಪೆಲೆಟ್‌ನ ಒಂದು ತುದಿಗೆ ಬೇಗ ಹೊತ್ತಲೆಂದು ಕರಿಮದ್ದು ಬಳಿದಿರುತ್ತಾರೆ. ಆ ಕಪ್ಪು ತುದಿ ಪ್ರೈಮರ್ ಕಡೆಗೆ ಇರಬೇಕು. ಅವಸರದಲ್ಲಿ ತಲೆಕೆಳಗಾಗಿ ಹಾಕಿ, ಪ್ರೈಮರ್ ಸರಿಯಿಲ್ಲ ಅಂತ ಬೈಯುವವರನ್ನು ನೋಡಿದ್ದೇನೆ.

ಸೇಬೋ ಅಂದರೇನು? ಅದರಿಂದ ಗುರಿ ಹೇಗೆ ಬದಲಾಗುತ್ತದೆ?

.50 ನಳಿಗೆಗೆ .45ರ ತೆಳು ಗುಂಡು ಹಾಕಲು ನಡುವೆ ತೊಡಿಸುವ ಪ್ಲಾಸ್ಟಿಕ್ ಅಂಗಿ. ಅಡಿಯಲ್ಲಿ ಬಟ್ಟಲು, ಸುತ್ತ ಎಸಳು. ನಳಿಗೆಯಿಂದ ಹೊರಬಿದ್ದ ಕೂಡಲೇ ಎಸಳು ಬಿಚ್ಚಿಕೊಂಡು ಅಂಗಿ ಹಿಂದೆ ಬೀಳುತ್ತದೆ, ಗುಂಡು ಒಂದೇ ಮುಂದೆ ಹೋಗುತ್ತದೆ.

ನನ್ನ ಅನುಭವದಲ್ಲಿ ಗುರಿಯ ಮುಕ್ಕಾಲು ಪಾಲು ಇರುವುದು ಇಲ್ಲೇ. .50 ಅಂತ ಬರೆದಿರುವ ಎರಡು ನಳಿಗೆಗಳ ಒಳಗಾತ್ರ ಇಂಚಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಬೇರೆ ಇರುತ್ತದೆ. ಗೆಳೆಯನ ರೈಫಲ್‌ಗೆ ಜೀವ ಕೊಟ್ಟ ಸೇಬೋ ನಿಮ್ಮದರಲ್ಲಿ ಜಾರಿಬಿಡಬಹುದು. ಹಾಗಾಗಿ ಮದ್ದಿಗಿಂತ ಮೊದಲು ಇದನ್ನು ನೋಡಿ. ಒಂದೇ ಕೈಯಲ್ಲಿ, ಏನೂ ಶ್ರಮ ಇಲ್ಲದೆ ಸರ್ರನೆ ಇಳಿದರೆ ಸಡಿಲ. ಬೆಂಚು ಹತ್ತಿ ಮೈಭಾರ ಬಿಡಬೇಕಾದರೆ ಬಿಗಿ. ಶುರುವಿನಿಂದ ಕೊನೆವರೆಗೆ ಒಂದೇ ಸಮನಾದ, ಗಟ್ಟಿ ಒತ್ತಡ ಸಿಗಬೇಕು.

ಹೊಡೆದ ಮೇಲೆ, ರೇಂಜಿನಲ್ಲಿ ಎಲ್ಲರೂ ಹೊಡೆಯುವುದು ನಿಲ್ಲಿಸಿದಾಗ ಮುಂದೆ ಹೋಗಿ ಬಿದ್ದಿರುವ ಸೇಬೋ ಹೆಕ್ಕಿಕೊಂಡು ಬನ್ನಿ. ಹತ್ತಿಪ್ಪತ್ತು ಗಜದಾಚೆ ಹುಲ್ಲಿನಲ್ಲಿ ಸಿಗುತ್ತವೆ. ಕೈಯಲ್ಲಿ ಹಿಡಿದು ನೋಡಿ. ಎಸಳುಗಳು ದಾಸವಾಳದ ಹಾಗೆ ಸಮನಾಗಿ ಅರಳಿದ್ದು, ಮೇಲೆ ನಳಿಗೆಯೊಳಗಿನ ಸುರುಳಿ ತೋಡು, ಅಂದರೆ ರೈಫ್ಲಿಂಗ್‌ನ ಗೆರೆ ಚೆನ್ನಾಗಿ ಕೂತಿದ್ದರೆ ಲೋಡ್ ಆರೋಗ್ಯವಾಗಿದೆ. ಒಂದೆಸಳು ಹರಿದಿದ್ದರೆ, ತಳದ ಬಟ್ಟಲು ಸುಟ್ಟು ತೂತಾಗಿದ್ದರೆ, ಗುರಿಹಲಗೆ ನೋಡುವುದೇ ಬೇಡ, ಈಡುಗಳು ಚೆಲ್ಲಾಪಿಲ್ಲಿ ಆಗಿರುತ್ತವೆ. ಮದ್ದು ಹತ್ತು ಗ್ರೇನ್ ಇಳಿಸಿ, ಇಲ್ಲಾ ಗಟ್ಟಿ ಸೇಬೋ ಹಾಕಿ.

ಬಿಸಿಯ ವಿಷಯ ಮರೆಯಬೇಡಿ. ಜುಲೈ ಬಿಸಿಲಲ್ಲಿ ನಾಲ್ಕು ಈಡು ಹೊಡೆದ ನಳಿಗೆ ಮುಟ್ಟಿದರೆ ಚುರುಕ್ ಅನ್ನುತ್ತದೆ. ಆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಐದನೇ ಈಡು ಎಲ್ಲಿಗೋ ಹೋಗುತ್ತದೆ. ಕಾಯಿರಿ.

ನಳಿಗೆಯ ಮೇಲೆ 1:28 ಅಂತ ಇದೆ. ಅದರ ಅರ್ಥ ಏನು?

ಗುಂಡು 28 ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ ಅಂತ. 1879ರಲ್ಲಿ ಜಾರ್ಜ್ ಗ್ರೀನ್‌ಹಿಲ್ ಎಂಬ ಗಣಿತದ ಮೇಷ್ಟ್ರು ಇಂಗ್ಲೆಂಡಿನ ವೂಲಿಚ್‌ನಲ್ಲಿ ಒಂದು ಸರಳ ಲೆಕ್ಕ ಕೊಟ್ಟರು: ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ.

.49 ಇಂಚಿನ ದುಂಡು ಸೀಸದ ಗುಂಡಿಗೆ ಲೆಕ್ಕ ಹಾಕಿದರೆ 73 ಬರುತ್ತದೆ. ಹಳೇ ಶೈಲಿಯ ರೈಫಲ್‌ಗಳಲ್ಲಿ 1:66 ಯಾಕಿದೆ ಅಂತ ಗೊತ್ತಾಯಿತಲ್ಲ. ಸೇಬೋದೊಳಗಿನ .452 ಇಂಚು ದಪ್ಪ, 0.9 ಇಂಚು ಉದ್ದದ ಗುಂಡಿಗೆ 34. 1:28 ಸಾಕಷ್ಟಾಯಿತು. ಅದೇ ದಪ್ಪದ ಗುಂಡು 1.2 ಇಂಚು ಉದ್ದ ಆದರೆ ಲೆಕ್ಕ 25ಕ್ಕೆ ಇಳಿಯುತ್ತದೆ. ಆಗ 1:28 ಸಾಲದು, ಗುಂಡು ಓಲಾಡಬಹುದು. ಕಾಗದದಲ್ಲಿ ತೂತು ದುಂಡಗೆ ಇರದೆ ಮೊಟ್ಟೆಯಾಕಾರ ಆಗಿದ್ದರೆ ಅದೇ ಸೂಚನೆ. ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದ. ಹಾಗಾಗಿ ತೂಕ ನೋಡಿ ಮೋಸ ಹೋಗಬೇಡಿ, ಉದ್ದ ಅಳೆಯಿರಿ.

ಮೂರು ಈಡು ಒಂದು ಇಂಚಿನಲ್ಲಿ ಕೂತವು. ಲೋಡ್ ಸಿಕ್ಕಿತು ಅಂತ ತಾನೆ?

ಬೇಸರ ಮಾಡಿಕೊಳ್ಳಬೇಡಿ, ಇಲ್ಲ.

ಈಡುಗಳು ಗುರಿಯ ಸುತ್ತ ಹರಡುವುದಕ್ಕೆ ಒಂದು ಲೆಕ್ಕ ಇದೆ. ಒಂದೇ ರೈಫಲ್, ಒಂದೇ ಲೋಡ್, ಒಂದೇ ಕೈ. ಐದು ಈಡಿನ ಗ್ರೂಪ್ (ಅತಿ ದೂರದ ಎರಡು ತೂತುಗಳ ನಡುವಿನ ಅಂತರ) ಸರಾಸರಿ ಎರಡು ಇಂಚು ಬರುತ್ತದೆ ಅಂತ ಇಟ್ಟುಕೊಳ್ಳಿ. ಅದೇ ರೈಫಲ್ ಮೂರು ಈಡು ಹೊಡೆದರೆ ಸರಾಸರಿ ಒಂದೂವರೆ ಇಂಚು ತೋರಿಸುತ್ತದೆ. ಹತ್ತು ಹೊಡೆದರೆ ಎರಡೂವರೆ. ರೈಫಲ್ ಬದಲಾಗಿಲ್ಲ, ನೀವು ಎಣಿಸಿದ್ದು ಬದಲಾಯಿತು. ಇದೂ ಸರಾಸರಿಯ ಮಾತು. ಒಂದೊಂದು ಮೂರು-ಈಡಿನ ಗ್ರೂಪ್ ಅದೃಷ್ಟದಿಂದ ಮುಕ್ಕಾಲು ಇಂಚಿಗೂ ಬರಬಹುದು, ಎರಡೂವರೆಗೂ ಹೋಗಬಹುದು. ಮುಕ್ಕಾಲು ಇಂಚಿನದ್ದನ್ನು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇವೆ, ಎರಡೂವರೆಯದ್ದಕ್ಕೆ "ಗಾಳಿ ಬಂತು" ಅನ್ನುತ್ತೇವೆ. ನಾನೂ ಹಾಕಿದ್ದೇನೆ ಬಿಡಿ.

ಇದರ ಪರಿಣಾಮ ಏನು? 90 ಗ್ರೇನ್ ಲೋಡ್ ಮೂರು ಈಡಿಗೆ 1.2 ಇಂಚು, 100 ಗ್ರೇನ್ 1.7 ಇಂಚು ಕೊಟ್ಟಿತು ಅಂತ 90ನ್ನು ಆರಿಸಿದರೆ, ಅದು ಚೀಟಿ ಎತ್ತಿದ ಹಾಗೆ. ಮುಂದಿನ ವಾರ ತಿರುಗುಮುರುಗಾದರೆ ಆಶ್ಚರ್ಯವಿಲ್ಲ. ಎರಡು ಮೂರು ಪಟ್ಟು ವ್ಯತ್ಯಾಸ ಇದ್ದರೆ ಮೂರು ಈಡಿಗೇ ತಿಳಿಯುತ್ತದೆ. ಕೆಟ್ಟ ಲೋಡನ್ನು ಹೊರಗೆ ಹಾಕಲು ಮೂರು ಸಾಕು. ಒಳ್ಳೆಯದನ್ನು ನಂಬಲು ಸಾಲದು.

ಆದರೆ ಬಾಯಿಂದ ತುಂಬುವ ರೈಫಲ್‌ನಲ್ಲಿ ಒಂದು ಈಡಿಗೆ, ಒರೆಸಿ, ತುಂಬಿ, ತಣಿಸಿ, ಐದಾರು ನಿಮಿಷ ಹೋಗುತ್ತದೆ. ಒಂದು ಬೆಳಗ್ಗೆ ಇಪ್ಪತ್ತು ಇಪ್ಪತ್ತೈದು ಈಡು ಆದರೆ ಹೆಚ್ಚು. ಅದಕ್ಕೆ ನಾನು ಕಂಡುಕೊಂಡ ದಾರಿ ಬಟರ್ ಪೇಪರ್. ಒಂದೇ ಥರದ ಗುರಿಹಲಗೆ ಬಳಸಿ, ಸ್ಕೋಪನ್ನು ಮುಟ್ಟದೆ, ಬೇರೆ ಬೇರೆ ದಿನ ಅದೇ ಲೋಡಿನ ಮೂರು ಮೂರು ಈಡು ಹೊಡೆಯಿರಿ. ಮನೆಗೆ ಬಂದು ಹಲಗೆಯ ನಡುವಿನ ಚುಕ್ಕೆಗೆ ಬಟರ್ ಪೇಪರಿನ ಚುಕ್ಕೆ ಕೂಡಿಸಿ ತೂತುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ನಾಲ್ಕು ದಿನಕ್ಕೆ ಹನ್ನೆರಡು ಈಡಿನ ನಿಜವಾದ ಗ್ರೂಪ್ ಒಂದೇ ಹಾಳೆಯಲ್ಲಿ ಕಾಣುತ್ತದೆ. ನನ್ನ ಹೆಂಡತಿ ಚಕ್ಕುಲಿ ಕರಿಯಲು ತಂದಿಟ್ಟಿದ್ದ ಸುರುಳಿ ಹೀಗೆ ಖಾಲಿಯಾಗಿದೆ.

ಹಾಗಾದರೆ ಪರೀಕ್ಷೆಯ ಕ್ರಮ ಹೇಗೆ?

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಗುಂಡು ಮತ್ತು ಸೇಬೋ. ಮದ್ದು 90ಕ್ಕೆ ಕಟ್ಟಿಟ್ಟು, ಮೂರ್ನಾಲ್ಕು ಜೋಡಿ ನೋಡುತ್ತೇನೆ. 250ರಿಂದ 300 ಗ್ರೇನಿನ ಗುಂಡುಗಳು .50ಗೆ ಸಾಮಾನ್ಯ. ಗೆದ್ದ ಜೋಡಿಯನ್ನು ಹಿಡಿದು ಆಮೇಲೆ ಮದ್ದನ್ನು 80ರಿಂದ ಹತ್ತು ಹತ್ತು ಏರಿಸುತ್ತೇನೆ, ಕೈಪಿಡಿಯ ಮಿತಿಯೊಳಗೆ. ಕೊನೆಗೆ ಬೇಕೆನಿಸಿದರೆ ಐದರ ಹೆಜ್ಜೆ. ಅದಕ್ಕಿಂತ ಸಣ್ಣ ಹೆಜ್ಜೆಗೆ ಅರ್ಥ ಇಲ್ಲ.

ರೈಫಲ್‌ನ ಮುಂಭಾಗದ ಮರ ಮರಳುಚೀಲದ ಮೇಲೆ ಪ್ರತಿ ಸಲ ಒಂದೇ ಜಾಗದಲ್ಲಿ ಇರಲಿ. ನಳಿಗೆ ಚೀಲಕ್ಕೆ ತಾಗಬಾರದು. ಗಜಕೋಲು ರೈಫಲ್‌ನ ಅಡಿಯಲ್ಲಿ ಇರಬೇಕೋ ಬೇಡವೋ ಅಂತ ಮೊದಲೇ ನಿರ್ಧರಿಸಿ. ಬೇಟೆಗೆ ಕೋಲು ಸಮೇತ ಹೋಗುತ್ತೀರಿ ಅಂದರೆ ಪರೀಕ್ಷೆಯನ್ನೂ ಕೋಲು ಸಮೇತ ಮಾಡಿ. ಮೊದಲು 50 ಗಜದಲ್ಲಿ ಕಾಗದಕ್ಕೆ ತಾಗಿಸಿ, ಆಮೇಲೆ 100ಕ್ಕೆ ಹೋಗಿ.

ಪ್ರತಿ ಈಡಿನ ನಡುವೆ ನಳಿಗೆ ಒರೆಸಬೇಕಾ?

ಬ್ಲ್ಯಾಕ್‌ಹಾರ್ನ್ ಬಿಟ್ಟು ಬೇರೆ ಮದ್ದಾದರೆ ಹೂಂ. ಸ್ವಲ್ಪ ಒದ್ದೆ ಮಾಡಿದ ಒಂದು ಬಟ್ಟೆ ಚೂರು, ಎರಡೂ ಬದಿ, ಆಮೇಲೆ ಒಣ ಚೂರು. ಒದ್ದೆ ಅಂದರೆ ಹಿಂಡಿದರೆ ನೀರು ಬರಬಾರದು. ಬಂದರೆ ಆ ನೀರು ಕೆಳಗಿಳಿದು ಬ್ರೀಚ್ ಪ್ಲಗ್‌ನ ಕಿಂಡಿಯಲ್ಲಿ ಕೂತು ಮುಂದಿನ ಈಡು ಫುಸ್ ಅನ್ನುತ್ತದೆ.

ಟ್ರಿಪಲ್ ಸೆವೆನ್ ಹಾಕುವವರಿಗೆ ಒಂದು ವಿಶೇಷ ಕಾಟ ಇದೆ. ಗುಂಡು ಕೂರುವ ಜಾಗದ ಹತ್ತಿರ ಗಟ್ಟಿ ಮಸಿಯ ಉಂಗುರ ಕಟ್ಟುತ್ತದೆ. ಒರೆಸದೆ ಎರಡನೇ ಗುಂಡು ಇಳಿಸಿದರೆ ಅಲ್ಲಿ ಸಿಕ್ಕಿಕೊಂಡು ಅರ್ಧ ಇಂಚು ಮೇಲೇ ನಿಲ್ಲುತ್ತದೆ. ಗಜಕೋಲಿನ ಗೆರೆ ನೆನಪಿದೆ ತಾನೆ?

ತೊಳೆದ ನಳಿಗೆಯ ಮೊದಲ ಈಡು ಯಾವಾಗಲೂ ಬೇರೆ ಕಡೆ ಹೋಗುತ್ತದೆ. ಯಾಕೆ?

ಎಣ್ಣೆ. ತೊಳೆದಿಟ್ಟ ನಳಿಗೆಯಲ್ಲಿ ಪದರದಷ್ಟು ಎಣ್ಣೆ ಇರುತ್ತದೆ, ಸೇಬೋ ಅದರ ಮೇಲೆ ಜಾರುತ್ತದೆ. ತುಂಬುವ ಮೊದಲು ಒಣ ಬಟ್ಟೆಯಿಂದ ಒರೆಸಿ, ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟು ಎರಡು ಪ್ರೈಮರ್ ಸುಮ್ನೆ ಸಿಡಿಸಿ. ಹುಲ್ಲಿನ ಎಸಳೊಂದರ ಹತ್ತಿರ ಬಾಯಿ ಇಟ್ಟು ಸಿಡಿಸಿದರೆ ಎಸಳು ಅಲ್ಲಾಡುತ್ತದೆ. ಅಂದರೆ ಕಿಂಡಿ ತೆರೆದಿದೆ.

ಆದರೂ ಬೇಟೆಯಲ್ಲಿ ಎಣಿಕೆಗೆ ಬರುವುದು ಆ ಮೊದಲ ಈಡೇ ಅಲ್ವಾ? ಅದಕ್ಕೇ ನಾನು ಪ್ರತಿ ಭೇಟಿಯ ಮೊದಲ ಈಡಿಗೆ ಬೇರೆಯೇ ಹಲಗೆ ಇಟ್ಟಿದ್ದೇನೆ. ಒಂದು ಬೇಸಿಗೆಗೆ ಅದರಲ್ಲಿ ಎಂಟೊಂಬತ್ತು ತೂತು. ಅದು ನನಗೆ ಬೇರೆಲ್ಲ ಹಲಗೆಗಿಂತ ಮುಖ್ಯ.

150 ಗ್ರೇನ್ ಹಾಕಬಹುದು ಅಂತ ಡಬ್ಬದ ಮೇಲೆ ಇದೆ. ಜಾಸ್ತಿ ಹಾಕಿದರೆ ಒಳ್ಳೆಯದಲ್ವಾ?

ಭುಜಕ್ಕೆ ಒಳ್ಳೆಯದಲ್ಲ. ಮದ್ದಿನ ಒಂದು ಭಾಗ ನಳಿಗೆಯ ಹೊರಗೆ ಉರಿದು ಬೆಂಕಿಯ ಹೂವಾಗುತ್ತದೆ. ಸೇಬೋ ಸುಡುತ್ತದೆ. ಮೂರನೇ ಈಡಿಗೆ ನೀವು ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತೀರಿ. ನಾನು ಈಗ 100ರ ಮೇಲೆ ಹೋಗುವುದಿಲ್ಲ. ಜಿಂಕೆಗೆ ವ್ಯತ್ಯಾಸ ಗೊತ್ತಾದ ಹಾಗೆ ಕಂಡಿಲ್ಲ.

ಪ್ರೈಮರ್ ಬದಲಿಸಿದರೆ ಗುರಿ ಬದಲಾಗುತ್ತದಾ?

ಆಗುತ್ತದೆ. ಜೋರಾದ ಪ್ರೈಮರ್ ಸುಲಭವಾಗಿ ಹೊತ್ತುವ ಮದ್ದಿನ ಹಿಂದೆ ಇದ್ದರೆ, ಮದ್ದು ಪೂರ್ತಿ ಹೊತ್ತುವ ಮೊದಲೇ ಗುಂಡನ್ನು ಒಂಚೂರು ಮುಂದೆ ತಳ್ಳಿಬಿಡಬಹುದು. ಆ ಕಾರಣಕ್ಕೇ ಪೆಲೆಟ್‌ಗಳಿಗೆಂದು ಸೌಮ್ಯ 209ಗಳನ್ನು ಬೇರೆಯಾಗಿ ಮಾಡುತ್ತಾರೆ. ಟ್ರಿಪಲ್ ಸೆವೆನ್‌ನ ಮಸಿ ಉಂಗುರವೂ ಅದರಿಂದ ಕಡಿಮೆ ಆಗುತ್ತದೆ. ಬ್ಲ್ಯಾಕ್‌ಹಾರ್ನ್‌ಗೆ ಮಾತ್ರ ಈ ಸೌಮ್ಯದವು ಬೇಡ.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕಾ?

ಇದ್ದರೆ ಒಳ್ಳೆಯದು. 250 ಗ್ರೇನಿನ ಗುಂಡು, 100 ಗ್ರೇನ್ ಮದ್ದು ಅಂದರೆ ಸೆಕೆಂಡಿಗೆ 1800ರಿಂದ 1900 ಅಡಿ ಆಸುಪಾಸು ಬರುತ್ತದೆ. ವೇಗ ಈಡಿನಿಂದ ಈಡಿಗೆ ಜಿಗಿಯುತ್ತಿದ್ದರೆ ತುಂಬುವುದರಲ್ಲಿ ಎಲ್ಲೋ ತಪ್ಪಿದ್ದೀರಿ ಅಂತ ಹಲಗೆಗಿಂತ ಮೊದಲೇ ತಿಳಿಯುತ್ತದೆ. ಆದರೆ ಮುಂದೆ ಕಾಲಿನ ಮೇಲೆ ನಿಲ್ಲಿಸುವ ಹಳೇ ಥರದ್ದಾದರೆ ಸೇಬೋ ಎಸಳು ಬಡಿದು ಒಡೆಯುತ್ತದೆ. ಹದಿನೈದು ಅಡಿ ದೂರ ಇಟ್ಟರೂ ನನ್ನದೊಂದು ಹೋಯಿತು. ಪಕ್ಕದಲ್ಲಿಡುವ ರೇಡಾರ್ ಥರದ್ದಕ್ಕೆ ಆ ಭಯ ಇಲ್ಲ.

ಎಷ್ಟು ನಿಖರ ಇದ್ದರೆ ಸಾಕು? ಎಷ್ಟು ದೂರ ಹೊಡೆಯಬಹುದು?

ಹನ್ನೆರಡು ಈಡು ನೂರು ಗಜದಲ್ಲಿ ಮೂರು ಇಂಚಿನೊಳಗೆ ಇದ್ದರೆ ನನಗೆ ಖುಷಿ. ನೂರಕ್ಕೆ ಸರಿ ಮಾಡಿದ ರೈಫಲ್ ಇನ್ನೂರು ಗಜಕ್ಕೆ ಹೆಚ್ಚುಕಡಿಮೆ ಒಂದು ಅಡಿ ಕೆಳಗೆ ಹೊಡೆಯುತ್ತದೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದ್ದರೆ ನೂರು ಗಜಕ್ಕೇ ಎರಡು ಇಂಚಿನಷ್ಟು ಸರಿಸುತ್ತದೆ. ಇವೆರಡನ್ನೂ ಕಣ್ಣಳತೆಯಲ್ಲಿ ಸರಿದೂಗಿಸಲು ಬಾರದ ನನ್ನಂಥವರು 150 ಗಜಕ್ಕೆ ನಿಲ್ಲಿಸುವುದು ಮರ್ಯಾದೆ.

ಟ್ರಿಗರ್ ಒತ್ತಿದೆ, ಈಡಾಗಲಿಲ್ಲ. ಈಗೇನು?

ಅಲ್ಲಾಡಬೇಡಿ. ಬಾಯಿ ಗುರಿಯ ಕಡೆಗೇ ಇರಲಿ. ಕಡಿಮೆ ಅಂದರೂ ಒಂದು ನಿಮಿಷ ಕಾಯಿರಿ, ಎರಡಾದರೆ ಇನ್ನೂ ಒಳ್ಳೆಯದು. ಒಳಗೆ ಕನಲುತ್ತಿರುವ ಮದ್ದು ತಡವಾಗಿ ಹೊತ್ತಬಹುದು. ಆಮೇಲೆ ಹೊಸ ಪ್ರೈಮರ್ ಹಾಕಿ ನೋಡಿ. ಏನಾಯಿತು ಅಂತ ಬಾಯಿಯ ಕಡೆಯಿಂದ ಇಣುಕುವುದು ಸಿನಿಮಾ ಕಾಮಿಡಿಯಲ್ಲಿ ಮಾತ್ರ.

ತೊಳೆಯುವುದು ನಾಳೆಗೆ ಇಟ್ಟುಕೊಂಡರೆ?

ಪೈರೋಡೆಕ್ಸ್ ಆದರೆ ನಾಳೆ ಬೆಳಗ್ಗೆ ಕೆಂಪು ತುಕ್ಕು ನೋಡುತ್ತೀರಿ. ಬಿಸಿ ಸೋಪುನೀರು, ಒಣಗಿಸಿ, ಎಣ್ಣೆ. ಬ್ಲ್ಯಾಕ್‌ಹಾರ್ನ್‌ಗೆ ನೀರು ಸಾಲದು, ಸಾಲ್ವೆಂಟ್ ಬೇಕು. ಬ್ರೀಚ್ ಪ್ಲಗ್ ಬಿಚ್ಚಿ, ಕಿಂಡಿಯಲ್ಲಿ ಕಟ್ಟಿದ ಇದ್ದಿಲನ್ನು ಸರಿಯಾದ ಅಳತೆಯ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಕೆರೆಯಿರಿ. ಪ್ಲಗ್‌ನ ತಿರುಪಿನ ಸುತ್ತುಗಳಿಗೆ ಗ್ರೀಸ್ ಹಚ್ಚದೆ ಬಿಗಿದರೆ ಮುಂದಿನ ವರ್ಷ ಬಿಚ್ಚಲು ಬರುವುದಿಲ್ಲ.

ಅಮೆರಿಕದಲ್ಲಿ ವೀಸಾದ ಮೇಲೆ ಇರುವವರು ಇಟ್ಟುಕೊಳ್ಳಬಹುದಾ?

ವಕೀಲರನ್ನು ಕೇಳಿ. ಹಿನ್ನೆಲೆ ಮಾತ್ರ ಹೇಳುತ್ತೇನೆ. ಫೆಡರಲ್ ಕಾನೂನು ಬಾಯಿಂದ ತುಂಬುವ ಹೆಚ್ಚಿನ ರೈಫಲ್‌ಗಳನ್ನು ಸಾಮಾನ್ಯ ಬಂದೂಕಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದರೆ ನಳಿಗೆ ಬದಲಿಸಿ ತೋಟಾ ಹಾರಿಸಬಹುದಾದ ಮಾದರಿಗಳು ಬಂದೂಕೇ. ಅಂಥವನ್ನು ವೀಸಾದವರು ಇಟ್ಟುಕೊಳ್ಳುವುದಕ್ಕೆ ಸಾಮಾನ್ಯವಾಗಿ ನಿಷೇಧ ಇದೆ. ಬೇಟೆಯ ಲೈಸೆನ್ಸ್ ಇರುವವರಿಗೆ ಒಂದು ವಿನಾಯಿತಿ ಇದೆ. ಇದರ ಮೇಲೆ ರಾಜ್ಯದ ಕಾನೂನು ಬೇರೆ. ಬೇಟೆಯ ನಿಯಮಗಳೂ ಹಾಗೇ. ಕೊಲರಾಡೋದ ಈ ಸೀಸನ್‌ನಲ್ಲಿ ಸೇಬೋ, ಪೆಲೆಟ್, ಸ್ಕೋಪ್ ಮೂರೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಆದ ಮೇಲಿನ ಸೀಸನ್‌ಗೆ ಚಕಮಕಿ ಕಲ್ಲಿನ ಕೋವಿಯೇ ಆಗಬೇಕು. ಹಾಗಾಗಿ ಎಲ್ಲಿ ಹೊಡೆಯುತ್ತೀರಿ ಅಂತ ಮೊದಲು ತೀರ್ಮಾನಿಸಿ, ಆಮೇಲೆ ಲೋಡ್ ಹುಡುಕಿ. ಇನ್ನು, ಮದ್ದು ಮತ್ತು ಪ್ರೈಮರ್ ವಿಮಾನದಲ್ಲಿ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ.

ಊರಿನಲ್ಲಿ ಹೀಗೆ ಪರೀಕ್ಷೆ ಮಾಡಬಹುದಾ?

ಭಾರತದಲ್ಲಿ ಬಾಯಿಂದ ತುಂಬುವ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯ ನಂತರ ಮುಗಿದ ಮಾತು. ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿ ಸಂತೋಷಪಡಿ.

ಬೇಟೆ ಮುಗಿಯಿತು, ಈಡಾಗಲಿಲ್ಲ. ತುಂಬಿದ ಕೋವಿ ಏನು ಮಾಡಲಿ?

ಮೊದಲು ಪ್ರೈಮರ್ ತೆಗೆಯಿರಿ. ಆಮೇಲೆ ಬ್ರೀಚ್ ಪ್ಲಗ್ ಬಿಚ್ಚಿ, ಮದ್ದು ಸುರಿದು, ಗಜಕೋಲಿನಿಂದ ಗುಂಡನ್ನು ಬಾಯಿಯ ಕಡೆಯಿಂದ ಹಿಂದಕ್ಕೆ ತಳ್ಳಿ. ಪ್ಲಗ್ ಬಿಚ್ಚಲು ಬಾರದಿದ್ದರೆ, ಕಾನೂನು ಒಪ್ಪುವ ಜಾಗದಲ್ಲಿ ಮೆತ್ತನೆ ಮಣ್ಣಿನ ದಿಣ್ಣೆಗೆ ಹೊಡೆದು ಖಾಲಿ ಮಾಡಿ. ನಾನು ಹೋದ ಜನವರಿಯಲ್ಲಿ ಸೀಸನ್ನಿನ ನಾಲ್ಕೂ ದಿನ ಹೀಗೇ ಮಾಡಿದೆ. ದಿಣ್ಣೆಯ ಮೇಲೆ ಬಿದ್ದಿದ್ದ ಎಲೆಯೊಂದಕ್ಕೆ ಗುರಿ ಇಟ್ಟಿದ್ದೆ. ನಾಲ್ಕಕ್ಕೆ ಮೂರು ತಾಗಿತು.